ಹತ್ತಿ ಮೇಲೆ ನಡೆದಂತೆ: ಟ್ರಾನ್ಸ್‌ವರ್ಸ್ ಮೈಲೈಟಿಸ್ ಗುರುತಿಸಲು ಅಧ್ಯಯನ ಟಿಪ್ಪಣಿ

ಎರಡೂ ಕಾಲು ಸೋತು ಬಂದವರನ್ನು ಮೊದಲು ಮೂರು ಸಂಗತಿ ಕೇಳಬೇಕು. ಕಾಲು ಯಾವಾಗಿನಿಂದ ಸೋತವು? ಮೈಮೇಲೆ ಎಲ್ಲಿಂದ ಕೆಳಗೆ ಮುಟ್ಟಿದ್ದು ಸರಿಯಾಗಿ ತಿಳಿಯುತ್ತಿಲ್ಲ? ಕೊನೆಯ ಸಲ ಒಂದಕ್ಕೆ ಹೋದದ್ದು ಯಾವಾಗ? ಈ ಮೂರಕ್ಕೂ ಉತ್ತರ ಸಿಕ್ಕರೆ ತೊಂದರೆ ಬೆನ್ನುಹುರಿಯಲ್ಲಿದೆಯೋ, ಕಾಲಿನ ನರಗಳಲ್ಲಿದೆಯೋ, ಸ್ನಾಯುವಿನಲ್ಲಿದೆಯೋ ಎಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ. ನರ್ಸಿಂಗ್, ಫಿಸಿಯೋಥೆರಪಿ ಓದುತ್ತಿರುವವರಿಗೆ ಮತ್ತು ಇಂಟರ್ನ್‌ಶಿಪ್‌ನಲ್ಲಿರುವವರಿಗೆ ಈ ಟಿಪ್ಪಣಿ.

ಟ್ರಾನ್ಸ್‌ವರ್ಸ್ ಮೈಲೈಟಿಸ್ ಎಂದರೆ ಬೆನ್ನುಹುರಿಯ ಒಂದು ಮಟ್ಟದಲ್ಲಿ ಅಡ್ಡಲಾಗಿ ಹರಡುವ ಉರಿಯೂತ. ಮೆದುಳಿನಿಂದ ಇಳಿಯುವ ಚಲನೆಯ ದಾರಿ, ಮೈಯಿಂದ ಏರುವ ಸ್ಪರ್ಶದ ದಾರಿ, ಮೂತ್ರ ಮತ್ತು ಮಲವನ್ನು ಹಿಡಿತದಲ್ಲಿಡುವ ದಾರಿ ಮೂರೂ ಬೆರಳ ದಪ್ಪದ ಈ ಹುರಿಯಲ್ಲೇ ಒತ್ತೊತ್ತಾಗಿ ಸಾಗುತ್ತವೆ. ಆದ್ದರಿಂದ ಒಂದೇ ಕಡೆ ಊತ ಬಂದರೂ ಮೂರೂ ಕೆಡುತ್ತವೆ. ಕಾಯಿಲೆ ಅಪರೂಪದ್ದು, ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1ರಿಂದ 4 ಹೊಸ ಪ್ರಕರಣ ಎಂಬುದು ಪಠ್ಯಗಳಲ್ಲಿ ಸಾಮಾನ್ಯವಾಗಿ ಕೊಡುವ ಲೆಕ್ಕ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಜನಸಂಖ್ಯೆ 2011ರ ಜನಗಣತಿಯಂತೆ ಒಟ್ಟು ಸುಮಾರು 45 ಲಕ್ಷ. ಅದೇ ದರ ಇಲ್ಲಿಗೂ ಹೊಂದಿದರೆ ಮೂರೂ ಜಿಲ್ಲೆ ಕೂಡಿ ವರ್ಷಕ್ಕೆ ಐದರಿಂದ ಹದಿನೆಂಟು ಮಂದಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಇಂಥ ರೋಗಿ ಹಲವು ವರ್ಷಕ್ಕೊಬ್ಬರು ಎದುರಾಗಬಹುದು, ಅಷ್ಟೆ. ಯಾವ ವಯಸ್ಸಿನಲ್ಲೂ ಬರಬಹುದಾದರೂ 10ರಿಂದ 19 ಮತ್ತು 30ರಿಂದ 39ರ ವಯಸ್ಸಿನವರಲ್ಲಿ ತುಸು ಹೆಚ್ಚು. ಎಷ್ಟೋ ಜನರಿಗೆ ಕೆಲವು ದಿನ ಅಥವಾ ವಾರಗಳ ಹಿಂದೆ ಜ್ವರ, ನೆಗಡಿ, ಭೇದಿಯಂಥದ್ದೇನೋ ಬಂದು ಹೋಗಿರುತ್ತದೆ.

ರೋಗಿಯ ಮಾತು ಕೇಳುವುದು

ನಮ್ಮ ಭಾಗದಲ್ಲಿ ಯಾರೂ ‘ಸಂವೇದನೆ ಕಡಿಮೆಯಾಗಿದೆ’ ಎಂದು ಹೇಳಿಕೊಂಡು ಬರುವುದಿಲ್ಲ. ‘ಕಾಲು ಜೋಂ ಹಿಡದಾವ್ರಿ’, ‘ಇರುವಿ ಹರದಾಂಗ ಆಗಾಕತ್ತೈತ್ರಿ’, ‘ಹತ್ತಿ ಮ್ಯಾಲ ನಡದಾಂಗ ಆಗತೈತ್ರಿ’, ‘ಚಪ್ಪಲಿ ಜಾರಿ ಬಿದ್ದದ್ದು ಗೊತ್ತ ಆಗಲಿಲ್ರಿ’ ಎನ್ನುತ್ತಾರೆ. ಒಂದೊಂದು ಮಾತಿಗೂ ಒಂದೊಂದು ಅರ್ಥವಿದೆ. ಹತ್ತಿಯ ಮೇಲೆ ನಡೆದ ಹಾಗಾಗುವುದು, ಚಪ್ಪಲಿ ಕಳಚಿದ್ದು ತಿಳಿಯದಿರುವುದು ಹುರಿಯ ಹಿಂಭಾಗದ ದಾರಿ ಕೆಟ್ಟಿರುವುದರ ಸೂಚನೆ. ಬಿಸಿನೀರು ಸುರಿದುಕೊಂಡರೂ ಒಂದು ಕಾಲಿಗೆ ಬಿಸಿ ತಿಳಿಯದೆ ಇನ್ನೊಂದು ಕಾಲು ಬಲ ಕಳೆದುಕೊಂಡಿದ್ದರೆ ಹುರಿಯ ಅರ್ಧಭಾಗ ಮಾತ್ರ ಹೆಚ್ಚು ಕೆಟ್ಟಿದೆ ಎಂದು ಊಹಿಸಬಹುದು. ‘ಎದಿಗೆ ಹಗ್ಗ ಬಿಗದಾಂಗ’, ‘ಹೊಟ್ಟಿಗೆ ಪಟ್ಟಾ ಕಟ್ಟಿದಾಂಗ’ ಎಂಬ ಮಾತನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ. ಉರಿಯೂತ ಇರುವ ಮಟ್ಟದಲ್ಲೇ ಹೀಗೆ ಬಿಗಿದಂತಾಗುತ್ತದೆ. ಎಷ್ಟೋ ಸಲ ಕಾಲು ಸೋಲುವ ಮುಂಚೆಯೇ ಇದು ಶುರುವಾಗಿರುತ್ತದೆ. ಕುತ್ತಿಗೆ ಬಗ್ಗಿಸಿದಾಗ ಬೆನ್ನಗುಂಟ ಕರೆಂಟ್ ಹರಿದಂತಾದರೆ ಕುತ್ತಿಗೆಯ ಹುರಿಯನ್ನು ನೋಡಲೇಬೇಕು.

ಇನ್ನು ಕಾಲದ ಲೆಕ್ಕ. 2002ರಲ್ಲಿ ತಜ್ಞರ ಕೂಟವೊಂದು ಮುಂದಿಟ್ಟ ಮಾನದಂಡದಂತೆ, ಲಕ್ಷಣ ಶುರುವಾದ ಮೇಲೆ ಅದು ಅತಿ ಕೆಟ್ಟ ಸ್ಥಿತಿಗೆ ಮುಟ್ಟಲು ಕನಿಷ್ಠ 4 ಗಂಟೆ, ಗರಿಷ್ಠ 21 ದಿನ ಹಿಡಿಯಬೇಕು. ಕೆಲವೇ ನಿಮಿಷಗಳಲ್ಲಿ ಕಾಲು ಪೂರ್ತಿ ಬಿದ್ದುಹೋದರೆ ಹುರಿಗೆ ರಕ್ತ ಹರಿಯುವುದೇ ನಿಂತಿರುವ ಸಾಧ್ಯತೆ ಹೆಚ್ಚು. ತಿಂಗಳುಗಟ್ಟಲೆ ನಿಧಾನವಾಗಿ ಬಂದಿದ್ದರೆ ಬಿ12 ಕೊರತೆ, ಗಡ್ಡೆ, ಕ್ಷಯವನ್ನು ಹುಡುಕಬೇಕು. ‘ಎಷ್ಟು ದಿನ ಆತು?’ ಎಂದು ಕೇಳಿದರೆ ‘ನಾಕೈದು ದಿನ ಆತ್ರಿ’ ಎಂಬ ಉತ್ತರವೇ ಬರುತ್ತದೆ, ಅದನ್ನು ನಂಬಿ ಕೂರಬೇಡಿ. ‘ಹಿಂದಿನ ಸಂತಿ ದಿನ ನಡದ ಹೋಗಿದ್ರೇನು?’, ‘ಪಾವಟಿಗಿ ಹತ್ತಾಕ ಎಂದಿನಿಂದ ಆಗವಲ್ದು?’, ‘ಕುಂತಲ್ಲಿಂದ ಏಳಾಕ ಎಂದ ಕೈ ಊರಿದ್ರಿ?’ ಎಂದು ಒಂದೊಂದೇ ಕೆಲಸ ಹಿಡಿದು ಕೇಳಿದರೆ ದಿನ, ಹೊತ್ತು ಎರಡೂ ಸಿಗುತ್ತವೆ.

ಮೈಮೇಲಿನ ಗೆರೆ

ಈ ಕಾಯಿಲೆಯ ಪರೀಕ್ಷೆಯಲ್ಲಿ ಅತಿ ಮುಖ್ಯವಾದದ್ದು ಸೆನ್ಸರಿ ಲೆವೆಲ್: ಅದರಿಂದ ಮೇಲೆ ಚುಚ್ಚಿದ್ದು ಚೊಕ್ಕ ತಿಳಿಯುತ್ತದೆ, ಅದರಿಂದ ಕೆಳಗೆ ಮಬ್ಬು. ಕಲಿಯುವವರು ಹೆಚ್ಚಾಗಿ ತಪ್ಪುವುದು ಇಲ್ಲೇ, ಏಕೆಂದರೆ ಕಾಲನ್ನು ಮಾತ್ರ ಮುಟ್ಟಿ ನೋಡಿ ‘ಎರಡೂ ಕಾಲಲ್ಲಿ ಸ್ಪರ್ಶ ಕಡಿಮೆ’ ಎಂದು ಬರೆದು ಮುಗಿಸಿಬಿಡುತ್ತಾರೆ. ಗೆರೆ ಇರುವುದು ಹೊಟ್ಟೆಯ ಮೇಲೋ ಎದೆಯ ಮೇಲೋ ಆಗಿರುತ್ತದೆ. ಮೂರರಲ್ಲಿ ಎರಡು ಪಾಲು ರೋಗಿಗಳಲ್ಲಿ ಊತ ಇರುವುದು ಎದೆಮಟ್ಟದ ಹುರಿಯಲ್ಲಿ.

ಹೊಸ ಪಿನ್ನೊಂದನ್ನು ತೆಗೆದುಕೊಳ್ಳಿ. ಇಂಜೆಕ್ಷನ್ ಸೂಜಿ ಬೇಡ, ಅದು ಚರ್ಮ ಸೀಳುತ್ತದೆ. ಮೊದಲು ಗಲ್ಲದ ಮೇಲೆ ಚುಚ್ಚಿ ‘ಇದು ಪೂರ್ತಿ ಚೂಪು’ ಎಂದು ತೋರಿಸಿಕೊಡಿ. ನಂತರ ರೋಗಿಗೆ ಕಣ್ಣು ಮುಚ್ಚಿಸಿ, ಪಾದದಿಂದ ಶುರುಮಾಡಿ ಎರಡೆರಡು ಬೆರಳ ಅಂತರದಲ್ಲಿ ಮೇಲಕ್ಕೆ ಬನ್ನಿ. ‘ಇಲ್ಲಿ ಚೂಪು ಆತ್ರಿ’ ಎಂದ ಕಡೆ ಪೆನ್ನಿನಿಂದ ಗುರುತು ಹಾಕಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಎಡ, ಬಲ ಎರಡೂ ಕಡೆ ನೋಡಿ. ಗೆರೆ ಎರಡೂ ಬದಿಯಲ್ಲಿ ಒಂದೇ ಎತ್ತರಕ್ಕೆ ಇರಲೇಬೇಕೆಂದಿಲ್ಲ. ಮಗ್ಗುಲಾಗಿ ಮಲಗಿಸಿ ಬೆನ್ನಿನ ಮೇಲೂ ಪರೀಕ್ಷಿಸಿ. ಪಿನ್ ಇಲ್ಲದಿದ್ದರೆ ತಣ್ಣೀರಲ್ಲಿ ಅದ್ದಿದ ಸ್ಟೀಲ್ ಚಮಚವೂ ನಡೆಯುತ್ತದೆ, ಏಕೆಂದರೆ ನೋವು ಮತ್ತು ತಂಪು ಹುರಿಯಲ್ಲಿ ಒಂದೇ ದಾರಿಯಲ್ಲಿ ಸಾಗುತ್ತವೆ. ಕಂಪನ ಪರೀಕ್ಷೆಗೆ 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಬೇಕು.

ಹುರಿಯ ಯಾವ ಮಟ್ಟಕ್ಕೆ ಮೈಯ ಯಾವ ಜಾಗ ಎಂಬ ಗುರುತುಗಳನ್ನು ಬಾಯಿಪಾಠ ಮಾಡಿ (ಸಿ ಎಂದರೆ ಕುತ್ತಿಗೆಯ ಮಟ್ಟ, ಟಿ ಎದೆಯದು, ಎಲ್ ಸೊಂಟದ್ದು, ಎಸ್ ಅದಕ್ಕೂ ಕೆಳಗಿನದು): ಸಿ6 ಹೆಬ್ಬೆರಳು, ಸಿ8 ಕಿರುಬೆರಳು, ಟಿ4 ಮೊಲೆತೊಟ್ಟು, ಟಿ6 ಎದೆಮೂಳೆಯ ತುದಿ, ಟಿ10 ಹೊಕ್ಕುಳ, ಎಲ್1 ತೊಡೆಸಂದು, ಎಸ್1 ಪಾದದ ಹೊರ ಅಂಚು, ಎಸ್3ರಿಂದ ಎಸ್5 ಗುದದ ಸುತ್ತ. ಹೊಕ್ಕುಳವೇ ಇನ್ನೊಂದು ಸುಳಿವನ್ನೂ ಕೊಡುತ್ತದೆ. ಅಂಗಾತ ಮಲಗಿದವರಿಗೆ ತಲೆ ಎತ್ತಲು ಹೇಳಿ. ಹೊಕ್ಕುಳ ಮೇಲಕ್ಕೆ ಸರಿದರೆ ಹೊಟ್ಟೆಯ ಕೆಳಭಾಗದ ಸ್ನಾಯು ಸೋತಿದೆ, ತೊಂದರೆ ಟಿ10ರ ಆಸುಪಾಸಿನಲ್ಲಿದೆ.

ಒಂದು ಬಲೆ ಇದೆ. ಎದೆಯ ಮೇಲ್ಭಾಗದಲ್ಲಿ, ಕೊರಳೆಲುಬಿನ ಕೆಳಗೆ ಗೆರೆ ಸಿಕ್ಕರೆ ‘ಟಿ2’ ಎಂದು ಬರೆದು ಕೈಬಿಡಬೇಡಿ. ಎದೆಯ ಮುಂಭಾಗದಲ್ಲಿ ಸಿ4ರ ಚರ್ಮದ ಪಕ್ಕಕ್ಕೇ ಟಿ2 ಶುರುವಾಗುತ್ತದೆ. ನಡುವಿನ ಸಿ5ರಿಂದ ಟಿ1ರವರೆಗಿನದೆಲ್ಲ ತೋಳಿಗೆ ಹೋಗಿರುತ್ತದೆ. ತೋಳು ಮತ್ತು ಬೆರಳುಗಳ ಮೇಲೆ ಪಿನ್ ಆಡಿಸದಿದ್ದರೆ ಕುತ್ತಿಗೆಯ ಹುರಿಯ ಕಾಯಿಲೆಯನ್ನು ಎದೆಯದ್ದೆಂದು ತಪ್ಪಾಗಿ ಓದುತ್ತೇವೆ. ಕುತ್ತಿಗೆಯದ್ದಾದರೆ ಉಸಿರಿಗೂ ಅಪಾಯ: ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ನರ ಹೊರಡುವುದು ಸಿ3, ಸಿ4, ಸಿ5ರಿಂದ. ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಲು ಹೇಳಿ. ಇಪ್ಪತ್ತಕ್ಕೂ ಮುಟ್ಟದಿದ್ದರೆ ಐಸಿಯು ಇರುವ ಕಡೆಗೆ ಸಾಗಿಸುವ ಏರ್ಪಾಡು ಶುರುವಾಗಬೇಕು.

ಮೆತ್ತಗಿರುವ ಕಾಲು ಮೋಸ ಮಾಡುತ್ತದೆ

ಬೆನ್ನುಹುರಿ ಕೆಟ್ಟರೆ ಕಾಲು ಬಿಗಿಯಾಗಬೇಕು, ಮೊಣಕಾಲು ತಟ್ಟಿದರೆ ಜೋರಾಗಿ ಜಿಗಿಯಬೇಕು, ಅಂಗಾಲು ಗೀರಿದರೆ ಹೆಬ್ಬೆರಳು ಮೇಲಕ್ಕೇಳಬೇಕು ಎಂದು ಪುಸ್ತಕ ಕಲಿಸುತ್ತದೆ. ಅದು ನಿಜವಾದರೂ ಹಾಗಾಗಲು ಹಲವು ದಿನಗಳಿಂದ ಕೆಲವು ವಾರಗಳವರೆಗೆ ಹಿಡಿಯುತ್ತದೆ. ತೀವ್ರವಾಗಿ ಬಂದ ಕಾಯಿಲೆಯ ಮೊದಲ ದಿನಗಳಲ್ಲಿ ಹುರಿ ಆಘಾತದಲ್ಲಿರುವುದರಿಂದ ಕಾಲು ಒದ್ದೆ ಬಟ್ಟೆಯಂತೆ ಮೆತ್ತಗೆ ಬಿದ್ದಿರುತ್ತದೆ, ರಿಫ್ಲೆಕ್ಸ್ ಇರುವುದೇ ಇಲ್ಲ. ಆಗ ಥಟ್ಟನೆ ಹೊಳೆಯುವ ಹೆಸರು ಗಿಯನ್ ಬಾರಿ, ಅಂದರೆ ಹುರಿಯಿಂದ ಹೊರಟ ನರಗಳು ಕೆಡುವ ಕಾಯಿಲೆ. ಎರಡನ್ನೂ ಬೇರ್ಪಡಿಸಿ ತೋರಿಸುವುದು ಗೆರೆ ಮತ್ತು ಮೂತ್ರ. ಗಿಯನ್ ಬಾರಿಯಲ್ಲಿ ಹೊಟ್ಟೆಯ ಮೇಲೆ ಗೆರೆ ಇರುವುದಿಲ್ಲ, ಮುಖ ಸೊಟ್ಟಗಾಗಬಹುದು, ಕೈಗಳೂ ಸೋಲುತ್ತವೆ, ಶುರುವಿನಲ್ಲೇ ಮೂತ್ರ ಕಟ್ಟುವುದು ಅಪರೂಪ. ಟ್ರಾನ್ಸ್‌ವರ್ಸ್ ಮೈಲೈಟಿಸ್‌ನಲ್ಲಿ ಮೂತ್ರದ ತೊಂದರೆ ಬೇಗನೇ ಕಾಣಿಸಿಕೊಳ್ಳುತ್ತದೆ.

‘ಒಂದಕ್ಕ ಸರಳ ಹೊಕ್ಕೇತೇನ್ರಿ?’ ಎಂದಷ್ಟೇ ಕೇಳಿದರೆ ಸಾಲದು. ತುಂಬಿದ ಮೂತ್ರಕೋಶದಿಂದ ಹನಿಹನಿಯಾಗಿ ಸೋರುವುದನ್ನೇ ಮನೆಯವರು ‘ಹೊಕ್ಕೇತ್ರಿ, ಹಾಸಿಗಿ ತೊಯ್ಯತೈತಿ’ ಎಂದು ಹೇಳಿರುತ್ತಾರೆ. ಕೆಳಹೊಟ್ಟೆ ತಟ್ಟಿ ನೋಡಿ. ಮಂದ ಸದ್ದು ಹೊಕ್ಕುಳದ ಹತ್ತಿರದವರೆಗೂ ಕೇಳಿದರೆ ಮೂತ್ರ ಕಟ್ಟಿದೆ. ಮೂತ್ರ ಮಾಡಿದ ಮೇಲೂ ಸ್ಕ್ಯಾನ್‌ನಲ್ಲಿ 100 ಮಿ.ಲೀ.ಗಿಂತ ಹೆಚ್ಚು ಉಳಿದರೆ ಅದು ಸರಿಯಲ್ಲ. ಕ್ಯಾತಿಟರ್ ಹಾಕಿದಾಗ ಮೊದಲು ಎಷ್ಟು ಬಂತು, ಎಷ್ಟು ಗಂಟೆಗೆ ಎಂಬುದನ್ನು ಬರೆದಿಡಿ. 800 ಮಿ.ಲೀ. ತುಂಬಿದ್ದರೂ ರೋಗಿ ನೋವೆಂದು ಒದ್ದಾಡಲಿಲ್ಲ ಎನ್ನುವುದೇ ಒಂದು ಲಕ್ಷಣ: ತುಂಬಿದ ಸುದ್ದಿ ಮೇಲಕ್ಕೆ ಹೋಗುತ್ತಿಲ್ಲ. ಮಲಬದ್ಧತೆಯೂ ಜೊತೆಗಿರುತ್ತದೆ.

ನಮ್ಮ ಹೊಲ, ನಮ್ಮ ಅಡುಗೆಮನೆಯಿಂದ ಬರುವ ಇತರ ಕಾರಣಗಳು

ಬ್ಯಾಡಗಿ ಮೆಣಸಿನಕಾಯಿ, ಹತ್ತಿ ಬೆಳೆಯುವ ನಾಡಿನಲ್ಲಿ ಕೀಟನಾಶಕದ ಪ್ರಶ್ನೆ ಕೇಳದೆ ಇತಿಹಾಸ ಮುಗಿಸಬಾರದು. ಕೆಲವು ಆರ್ಗನೋಫಾಸ್ಫೇಟ್ ವಿಷಗಳು ದೇಹಕ್ಕೆ ಸೇರಿ, ಆ ಕ್ಷಣದ ಅಪಾಯ ಕಳೆದ ಒಂದರಿಂದ ಮೂರು ವಾರಗಳ ನಂತರ ಪಾದ ಜೋತುಬೀಳುವಂತೆ ಮಾಡುತ್ತವೆ. ಅಲ್ಲಿ ಸೋಲು ಪಾದದಿಂದ ಶುರುವಾಗುತ್ತದೆ, ಹೊಟ್ಟೆಯ ಮೇಲೆ ಗೆರೆ ಇರುವುದಿಲ್ಲ. ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ರೆಪ್ಪೆ ಜೋತು, ಮಾತು ತೊದಲಿ ಎದ್ದರೆ ಕಟ್ಟು ಹಾವಿನ ಕಡಿತವನ್ನು ನೆನೆಯಿರಿ. ಆ ಸೋಲು ಮುಖದಿಂದ ಕೆಳಕ್ಕಿಳಿಯುತ್ತದೆ, ಕಡಿದ ಗುರುತು ಕಾಣದೆಯೂ ಇರಬಹುದು. ರಾತ್ರಿ ಗಡದ್ದಾಗಿ ಉಂಡು ಮಲಗಿ ಬೆಳಿಗ್ಗೆ ಏಳಲಾಗದ ಯುವಕನಿಗೆ ಸ್ಪರ್ಶ, ಮೂತ್ರ ಎರಡೂ ಸರಿಯಿದ್ದರೆ ರಕ್ತದ ಪೊಟ್ಯಾಸಿಯಂ ಇಳಿದಿದೆಯೇ ನೋಡಿ. ಸಸ್ಯಾಹಾರದ ಮನೆಗಳಲ್ಲಿ ಬಿ12 ಕೊರತೆ ಆಗಾಗ ಕಾಣುತ್ತದೆ. ಅದೂ ಹುರಿಯ ಹಿಂಭಾಗವನ್ನೇ ಕೆಡಿಸಿ ಹತ್ತಿಯ ಮೇಲೆ ನಡೆದಂತೆ ಮಾಡುತ್ತದೆ, ಆದರೆ ತಿಂಗಳುಗಟ್ಟಲೆ ತೆಗೆದುಕೊಂಡು.

ಇವೆಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಹುರಿಯ ಮೇಲೆ ಬೀಳುವ ಒತ್ತಡಕ್ಕೆ: ಬೆನ್ನುಮೂಳೆಯ ಕ್ಷಯ, ಕೀವು, ಗಡ್ಡೆ, ಜಾರಿದ ಡಿಸ್ಕ್. ವಾರಗಟ್ಟಲೆ ಬೆನ್ನುನೋವು, ಸಂಜೆಯ ಜ್ವರ, ತೂಕ ಇಳಿದಿರುವುದು, ಬೆನ್ನೆಲುಬನ್ನು ಒಂದೇ ಕಡೆ ತಟ್ಟಿದಾಗ ಚುರುಕ್ ಎನ್ನುವುದು ಕ್ಷಯದ ಕಡೆಗೆ ಬೆರಳು ಮಾಡುತ್ತವೆ. ಒತ್ತಡವಿದ್ದರೆ ಅದು ಶಸ್ತ್ರಚಿಕಿತ್ಸಕರ ತುರ್ತು ಕೆಲಸ, ಅದಕ್ಕೇ ಎಂಆರ್‌ಐ ತಡವಾಗಬಾರದು.

ಎಂಆರ್‌ಐ ಚೀಟಿಯಲ್ಲೇ ಆಗುವ ತಪ್ಪು

ಕಾಲು ಸೋತಿವೆ ಎಂದು ಸೊಂಟದ ಎಂಆರ್‌ಐ ಮಾತ್ರ ಬರೆಯುವುದು ಬಹಳ ಕಡೆ ಆಗುವ ತಪ್ಪು. ದೊಡ್ಡವರಲ್ಲಿ ಬೆನ್ನುಹುರಿ ಮುಗಿಯುವುದೇ ಎಲ್1, ಎಲ್2 ಮೂಳೆಗಳ ನಡುವೆ. ಸೊಂಟದ ಚಿತ್ರದಲ್ಲಿ ಹುರಿಯ ಬಾಲ ಮಾತ್ರ ಕಾಣುತ್ತದೆ, ವರದಿ ನಾರ್ಮಲ್ ಬರುತ್ತದೆ ಅಥವಾ ವಯಸ್ಸಿಗೆ ಸಹಜವಾದ ಡಿಸ್ಕ್ ಸವೆತವನ್ನು ತೋರಿಸುತ್ತದೆ. ಆ ಸವೆತವನ್ನೇ ಕಾರಣವೆಂದು ಹಿಡಿದುಕೊಂಡು ಅಮೂಲ್ಯವಾದ ದಿನಗಳನ್ನು ಕಳೆದುಕೊಳ್ಳುತ್ತಾರೆ. ಗೆರೆ ಸಿಕ್ಕ ಮಟ್ಟವನ್ನಷ್ಟೇ ನೋಡುವುದೂ ಸಾಲದು. ನಿಜವಾದ ಊತ ಗೆರೆಗಿಂತ ಹಲವು ಮಟ್ಟ ಮೇಲಿರಬಹುದು. ಇಡೀ ಬೆನ್ನುಹುರಿಯ ಚಿತ್ರ, ಗ್ಯಾಡೋಲಿನಿಯಂ (ಉರಿಯೂತದ ಜಾಗವನ್ನು ಎತ್ತಿ ತೋರಿಸುವ ಬಣ್ಣದ ಔಷಧ) ಹಾಕಿ, ಮೆದುಳಿನದ್ದೂ ಸೇರಿಸಿ ತೆಗೆಸಬೇಕು. ಒತ್ತಡ ಇಲ್ಲವೆಂದು ಖಚಿತವಾದ ಮೇಲೆ ಬೆನ್ನಿನ ನೀರಿನ ಪರೀಕ್ಷೆ. ಚಿತ್ರದಲ್ಲಿ ಬಣ್ಣ ಹೀರಿದ ಜಾಗ, ನೀರಿನಲ್ಲಿ ಹೆಚ್ಚಿದ ಬಿಳಿ ಕಣ, ಏರಿದ ಐಜಿಜಿ (ಒಂದು ಬಗೆಯ ಪ್ರತಿಕಾಯ) ಸೂಚ್ಯಂಕ ಇವುಗಳಲ್ಲಿ ಒಂದಾದರೂ ಉರಿಯೂತವನ್ನು ತೋರಿಸಬೇಕು. ಮೊದಲ ದಿನ ಏನೂ ಸಿಗದಿದ್ದರೆ 2ರಿಂದ 7 ದಿನದೊಳಗೆ ಮತ್ತೆ ಮಾಡಬೇಕು.

ಊತ ಮೂರು ಅಥವಾ ಹೆಚ್ಚು ಬೆನ್ನೆಲುಬುಗಳ ಉದ್ದಕ್ಕೆ ಹಬ್ಬಿದ್ದರೆ ಕಣ್ಣಿನ ನರ ಮತ್ತು ಬೆನ್ನುಹುರಿ ಎರಡನ್ನೂ ಕೆಡಿಸುವ ನ್ಯೂರೋಮೈಲೈಟಿಸ್ ಆಪ್ಟಿಕಾ ಇರಬಹುದು. ಆಕ್ವಾಪೋರಿನ್-4 ಮತ್ತು ಮಾಗ್ (ಎಂಒಜಿ) ಪ್ರತಿಕಾಯಗಳ ರಕ್ತಪರೀಕ್ಷೆ ಬೇಕು. ‘ಹಿಂದೆ ಒಂದು ಕಣ್ಣು ನೋವಾಗಿ ಮಂಜಾಗಿತ್ತೇ?’, ‘ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ, ವಾಂತಿ ಇತ್ತೇ?’ ಎಂದು ತಪ್ಪದೆ ಕೇಳಿ. ಬಿಕ್ಕಳಿಕೆಯನ್ನು ರೋಗಿ ತಾನಾಗಿ ಹೇಳುವುದಿಲ್ಲ, ಕಾಲಿಗೂ ಅದಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಊತ ಚಿಕ್ಕದಾಗಿ ಹುರಿಯ ಒಂದು ಬದಿಯಲ್ಲಿದ್ದರೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಮೆದುಳು, ಹುರಿಗಳ ನರಗಳ ಹೊದಿಕೆ ಕೆಡುವ ಕಾಯಿಲೆ) ನೆನಪಿಗೆ ಬರಬೇಕು.

15 ವರ್ಷದೊಳಗಿನ ಮಗುವಿನ ಕಾಲು ದಿಢೀರನೆ ಮೆತ್ತಗಾಗಿ ಸೋತರೆ, ಕಾರಣ ಮೈಲೈಟಿಸ್ ಎಂದು ಗೊತ್ತಿದ್ದರೂ, ಪೋಲಿಯೊ ನಿಗಾ ವ್ಯವಸ್ಥೆಗೆ ತಿಳಿಸಲೇಬೇಕು. ಸೋಲು ಶುರುವಾದ 14 ದಿನದೊಳಗೆ, ಕನಿಷ್ಠ 24 ಗಂಟೆ ಅಂತರದಲ್ಲಿ, ಎರಡು ಮಲದ ಮಾದರಿ ಹೋಗಬೇಕು.

ಕಾಯುವ ಹೊತ್ತಿನಲ್ಲಿ

‘ಲಕ್ವಾ ಹೊಡದೈತಿ’ ಎಂದು ಮನೆಯವರು ಬಿಸಿ ಇಟ್ಟಿಗೆಯ ಶಾಖ ಕೊಡುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಕೆಲವೆಡೆ ಬರೆಯನ್ನೂ ಹಾಕಿಸುತ್ತಾರೆ. ಗದರಿಸಬೇಡಿ, ಭಯದಿಂದ ಮಾಡುವ ಕೆಲಸ ಅದು. ‘ಅಕ್ಕಾರ, ಇವರಿಗೆ ಬಿಸಿ ತಿಳಿಯಂಗಿಲ್ರಿ, ಚರ್ಮ ಸುಟ್ಟರೂ ಗೊತ್ತಾಗಂಗಿಲ್ಲ’ ಎಂದು ಕಾರಣ ಹೇಳಿದರೆ ಕೇಳುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಮತ್ತು ಸೊಂಟದ ಹಿಂಭಾಗ ಕೆಂಪಾಗಿದೆಯೇ ನೋಡಿ. ಮುಂದೆ ದೊಡ್ಡಾಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮೀಥೈಲ್‌ಪ್ರೆಡ್ನಿಸೋಲೋನ್ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ರಕ್ತನಾಳದ ಮೂಲಕ ಕೊಡುತ್ತಾರೆ. ಅದಕ್ಕೆ ಬಗ್ಗದಿದ್ದರೆ ಪ್ಲಾಸ್ಮಾ ಬದಲಾವಣೆ. ಕ್ಷಯ ಅಥವಾ ಕೀವು ಇಲ್ಲವೆಂದು ನೋಡದೆ ನಮ್ಮ ಮಟ್ಟದಲ್ಲೇ ಸ್ಟೆರಾಯ್ಡ್ ಶುರುಮಾಡುವುದು ಸರಿಯಲ್ಲ.

ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ., ಹಾವೇರಿಯಿಂದ ಇನ್ನೂ ಸ್ವಲ್ಪ ಹೆಚ್ಚು. ದಾರಿಯಲ್ಲೂ ಕಾಯಿಲೆ ಏರುತ್ತಿರಬಹುದು. ಆದ್ದರಿಂದ ರೆಫರಲ್ ಚೀಟಿಯಲ್ಲಿ ‘ಎರಡೂ ಕಾಲು ಸೋಲು’ ಎಂದಷ್ಟೇ ಬರೆದು ಕಳಿಸಬೇಡಿ. ಹೀಗೆ ಬರೆಯಿರಿ: ಸೋಮವಾರ ಸಂಜೆ ಜೋಮು ಶುರು, ಬುಧವಾರ ಬೆಳಿಗ್ಗೆ ಏಳಲು ಆಗಲಿಲ್ಲ, ಬುಧವಾರ 11 ಗಂಟೆಗೆ ಗೆರೆ ಎರಡೂ ಬದಿ ಟಿ10, ಕಾಲಿನ ಬಲ 5ಕ್ಕೆ 2, ಕೈ ಸರಿ, ಒಂದೇ ಉಸಿರಿನಲ್ಲಿ 32ರವರೆಗೆ ಎಣಿಕೆ, 11.20ಕ್ಕೆ ಕ್ಯಾತಿಟರ್, 750 ಮಿ.ಲೀ. ಆಂಬುಲೆನ್ಸ್ ಹತ್ತಿಸುವ ಮುನ್ನ ಇನ್ನೊಮ್ಮೆ ಪಿನ್ ಆಡಿಸಿ. ಬೆಳಿಗ್ಗೆ ಹೊಕ್ಕುಳದಲ್ಲಿದ್ದ ಗೆರೆ ಮಧ್ಯಾಹ್ನಕ್ಕೆ ಮೊಲೆತೊಟ್ಟಿನ ಹತ್ತಿರ ಬಂದಿದ್ದರೆ, ಹಳೆಯ ಗುರುತನ್ನು ಅಳಿಸದೆ ಹೊಸದನ್ನು ಅದರ ಮೇಲೆ ಎಳೆದು ಗಂಟೆ ಬರೆಯಿರಿ, ಆ ಕಡೆಯ ವೈದ್ಯರಿಗೆ ಫೋನ್ ಮಾಡಿ ತಿಳಿಸಿ, ಆಕ್ಸಿಜನ್ ಮತ್ತು ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಜೊತೆಗೆ ಸ್ಟಾಫ್ ಒಬ್ಬರನ್ನು ಗಾಡಿಯಲ್ಲಿ ಕಳಿಸಿ.