ಕಿಮೋ ನಡೆದಾಗ ಆಕ್ಸಿಜನ್ ಚೇಂಬರ್‌ಗೆ ಹೋಗಬಹುದಾ?

"ಸರ್ರ, ಆಕ್ಸಿಜನ್ ಚೇಂಬರ್‌ನ್ಯಾಗ ಕುಂದ್ರಿಸಿದ್ರ ಗಡ್ಡಿ ಕರಗತೈತಂತ, ಖರೇ ಏನ್ರಿ?" ಹುಬ್ಬಳ್ಳಿಯ ನಮ್ಮ ಓಪಿಡಿಯಲ್ಲಿ ಈ ಪ್ರಶ್ನೆ ಈಗ ಆಗಾಗ ಬರುತ್ತದೆ. ಗದಗ, ರಾಣೆಬೆನ್ನೂರು ಕಡೆಯಿಂದ ಕಿಮೋಗೆ ಬರುವವರ ಮನೆಮಂದಿ ಮೊಬೈಲಿನಲ್ಲಿ ವಿಡಿಯೋ ನೋಡಿರುತ್ತಾರೆ. ಕೇಳುವುದು ಒಳ್ಳೆಯದೇ. ನಮಗೆ ಹೇಳದೆ ಹೋಗಿ ಕೂರುವುದು ಅಪಾಯ.

ಗಡ್ಡೆ ಕರಗುವುದಿಲ್ಲ. ಈ ಚಿಕಿತ್ಸೆಯಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಕಿಮೋ ಜೊತೆ ಇದು ಸುರಕ್ಷಿತವಾ ಎಂದರೆ, ನಿಮ್ಮ ಮೈಗೆ ಯಾವ ಔಷಧಿ ಹೋಗಿದೆ, ಯಾವಾಗ ಹೋಗಿದೆ ಎಂದು ನೋಡದೆ ಯಾರೂ ಉತ್ತರ ಹೇಳಬಾರದು.

ಇದರ ಹೆಸರು ಹೈಪರ್‌ಬ್ಯಾರಿಕ್ ಆಕ್ಸಿಜನ್ ಥೆರಪಿ. ಮುಚ್ಚಿದ ಚೇಂಬರಿನೊಳಗೆ ಒತ್ತಡವನ್ನು ಮಾಮೂಲಿಗಿಂತ 2ರಿಂದ 2.5 ಪಟ್ಟು ಏರಿಸಿ, ಶುದ್ಧ ಆಕ್ಸಿಜನ್ ಉಸಿರಾಡಲು ಕೊಡುತ್ತಾರೆ. ಒಂದು ಸಲಕ್ಕೆ ಸುಮಾರು ಒಂದೂವರೆ, ಎರಡು ತಾಸು. ಆ ಒತ್ತಡದಲ್ಲಿ ಆಕ್ಸಿಜನ್ ರಕ್ತದ ನೀರಿನಂಶದಲ್ಲೇ ಕರಗಿ, ರಕ್ತದ ಓಡಾಟ ಕಡಿಮೆ ಇರುವ ಜಾಗಕ್ಕೂ ತಲುಪುತ್ತದೆ. ಕೆಲವರಿಗೆ ಇದರ ಉಲ್ಟಾ ಭಯ: ಆಕ್ಸಿಜನ್ ಜಾಸ್ತಿಯಾದರೆ ಗಡ್ಡೆ ಬೆಳೆದೀತು ಅಂತ. ಇದುವರೆಗಿನ ಅಧ್ಯಯನಗಳಲ್ಲಿ ಹಾಗೆ ಕಂಡುಬಂದಿಲ್ಲ. ನನ್ನ ಚಿಂತೆ ಇರುವುದು ಔಷಧಿಗಳ ಬಗ್ಗೆ.

ಬ್ಲಿಯೋಮೈಸಿನ್ ಎಂಬ ಔಷಧಿಯನ್ನು ವೃಷಣದ ಕ್ಯಾನ್ಸರಿಗೆ, ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ಕೊಡುತ್ತೇವೆ. ಅದು ಕಬ್ಬಿಣದ ಅಂಶದ ಜೊತೆ ಸೇರಿ, ಆಕ್ಸಿಜನ್ ಬಳಸಿಕೊಂಡೇ ಜೀವಕೋಶದ ಡಿಎನ್‌ಎ ತುಂಡರಿಸುತ್ತದೆ. ಈ ಔಷಧಿಯನ್ನು ಒಡೆದು ಹಾಕುವ ಕಿಣ್ವ ನಮ್ಮ ಶ್ವಾಸಕೋಶದಲ್ಲಿ ತೀರ ಕಡಿಮೆ. ಹಾಗಾಗಿ ಪೆಟ್ಟು ಬೀಳುವುದು ಅಲ್ಲಿಗೇ. ಮೇಲಿಂದ ಒತ್ತಡದ ಆಕ್ಸಿಜನ್ ಕೊಟ್ಟರೆ ಆ ಪೆಟ್ಟು ಇನ್ನೂ ಹೆಚ್ಚಾಗಬಹುದು. ಈ ಔಷಧಿ ನಡೆಯುತ್ತಿರುವಾಗ ಚೇಂಬರ್ ಬೇಡವೇ ಬೇಡ. ಕೋರ್ಸ್ ಮುಗಿದು ಬಹಳ ಕಾಲವಾದ ಮೇಲೆ, ಶ್ವಾಸಕೋಶದ ಪರೀಕ್ಷೆ ಮಾಡಿ ಸುರಕ್ಷಿತವಾಗಿ ಕೊಟ್ಟ ಉದಾಹರಣೆಗಳಿವೆ. ಆದರೂ ಬ್ಲಿಯೋಮೈಸಿನ್ ಪಡೆದವರು ಮುಂದೆ ಎಂದಾದರೂ ಹರ್ನಿಯಾ ಆಪರೇಷನ್‌ಗೆ ಹೋದರೂ, ಅಲ್ಲೂ ಆಕ್ಸಿಜನ್ ಕೊಡುವುದರಿಂದ, ಅರಿವಳಿಕೆ ಡಾಕ್ಟರಿಗೆ ಅದನ್ನು ಹೇಳಲೇಬೇಕು.

ಡಾಕ್ಸೊರುಬಿಸಿನ್ ನಿಮಗೆ ಗೊತ್ತಿರುತ್ತದೆ. ಸ್ತನ ಕ್ಯಾನ್ಸರಿಗೆ ಹಾಕುವ ಕೆಂಪು ಔಷಧಿ, ಮೂತ್ರವೂ ಕೆಂಪಾಗುತ್ತದಲ್ಲ, ಅದು. ಇದು ಹೃದಯದ ಸ್ನಾಯುವಿಗೆ ಹಾನಿ ಮಾಡಬಲ್ಲದು. ಹಳೆಯ ಇಲಿ ಪ್ರಯೋಗವೊಂದರಲ್ಲಿ ಇದನ್ನೂ ಒತ್ತಡದ ಆಕ್ಸಿಜನ್ನನ್ನೂ ಒಟ್ಟಿಗೆ ಕೊಟ್ಟಾಗ ಸಾವು ಹೆಚ್ಚಾಯಿತು. ನಂತರದ ಪ್ರಯೋಗಗಳಲ್ಲಿ ಅಷ್ಟು ಅಪಾಯ ಕಾಣಲಿಲ್ಲ. ನಾನಂತೂ ಎರಡನ್ನೂ ಒಟ್ಟಿಗೆ ಒಪ್ಪುವುದಿಲ್ಲ. ನಡುವೆ ಅಂತರ ಬೇಕು, ಎಕೋ (ಹೃದಯದ ಸ್ಕ್ಯಾನ್) ನೋಡಬೇಕು. ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಕಿಮೋ ಔಷಧಿಯ ಜೊತೆ ಸೇರಿದರೆ ಗಾಯ ಮಾಯುವುದು ತಡವಾಗಬಹುದು ಎಂಬ ಎಚ್ಚರಿಕೆ ಇದೆ.

ಈ ಸಿಸ್‌ಪ್ಲಾಟಿನ್ ನಮ್ಮ ಭಾಗಕ್ಕೆ ಮುಖ್ಯ. ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಆದವರನ್ನು ದಿನಾ ನೋಡುತ್ತೇವೆ. ಅವರಲ್ಲಿ ಅನೇಕರಿಗೆ ಕರೆಂಟ್ ಕೊಡುವಾಗ, ಅಂದರೆ ರೇಡಿಯೇಷನ್ ಜೊತೆಗೇ, ಸಿಸ್‌ಪ್ಲಾಟಿನ್ ಹೋಗುತ್ತದೆ. ಮುಂದೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೆಲವರಿಗೆ ದವಡೆ ಎಲುಬು ಸತ್ತು ಹೊರಗೆ ಕಾಣತೊಡಗುತ್ತದೆ. ಹಲ್ಲು ಕೀಳಿಸಿದ ಜಾಗದಲ್ಲಿ ಇದು ಜಾಸ್ತಿ. ಅಲ್ಲಿ ಹೈಪರ್‌ಬ್ಯಾರಿಕ್ ಆಕ್ಸಿಜನ್ ಬಳಸುವುದುಂಟು. ಆದರೆ ಮುಂಜಾಗ್ರತೆಗೆಂದು ಎಲ್ಲರಿಗೂ ಬೇಕಿಲ್ಲ. ಬ್ರಿಟನ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಲ್ಲು ಕೀಳುವಾಗ ಈ ಚಿಕಿತ್ಸೆ ಪಡೆದವರಲ್ಲಿ ಶೇ. 6.4, ಪಡೆಯದವರಲ್ಲಿ ಶೇ. 5.7 ಜನರಿಗೆ ದವಡೆ ತೊಂದರೆ ಬಂತು. ಫರಕೇ ಇಲ್ಲ. ಕರೆಂಟ್ ಶುರುವಾಗುವ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಿ, ಹುಳುಕು ಹಲ್ಲಿನ ಕೆಲಸ ಮುಗಿಸಿಕೊಳ್ಳಿ ಎಂದು ನಾನು ಕಾಡುವುದು ಇದಕ್ಕೇ.

ಗರ್ಭಕೊರಳಿನ ಕ್ಯಾನ್ಸರಿಗೆ ಕರೆಂಟ್ ಪಡೆದ ಹೆಣ್ಣುಮಕ್ಕಳಿಗೆ ವರ್ಷಗಳ ಮೇಲೆ ಮೂತ್ರದಲ್ಲಿ ರಕ್ತ ಬರುವುದುಂಟು. ಅಲ್ಲಿ ಈ ಚಿಕಿತ್ಸೆಗೆ ಒಳ್ಳೆಯ ಆಧಾರವಿದೆ, 30ರಿಂದ 40 ಸಲ ಕೂರಬೇಕಾಗುತ್ತದೆ. ಗಮನಿಸಿ, ಇವೆಲ್ಲ ಸಾಮಾನ್ಯವಾಗಿ ಕಿಮೋ ಮುಗಿದು ಬಹಳ ದಿನವಾದ ಮೇಲಿನ ಮಾತು. ಅವಸರ ಮಾಡುವ ಕಾರಣವೇ ಇಲ್ಲ.

ಔಷಧಿ ಸರಿಹೊಂದಿದರೂ ಕಿಮೋದ ನಡುವಿನ ಮೈ ಬೇರೆಯೇ. ಪ್ಲೇಟ್‌ಲೆಟ್ ಇಳಿದಿದ್ದರೆ ಒತ್ತಡಕ್ಕೆ ಕಿವಿಯೊಳಗೆ ರಕ್ತ ಬರಬಹುದು. ಜ್ವರ ಇದ್ದರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು. ಶುಗರ್ ಇದ್ದವರಿಗೆ ಒಳಗಿರುವಾಗಲೇ ಸಕ್ಕರೆ ಇಳಿಯಬಹುದು. ಶ್ವಾಸಕೋಶದ ಹೊರಗೆ ಗಾಳಿ ಸೇರಿದ್ದರೆ ಅದು ಪ್ರಾಣಕ್ಕೇ ಕುತ್ತು, ಎದೆಯ ಎಕ್ಸ್‌ರೇ ನೋಡದೆ ಒಳಗೆ ಬಿಡಬಾರದು. ಕೆಲವರಿಗೆ ಮನೆಗೆ ಕಳಿಸುವಾಗ ಕಿಮೋ ಪಂಪ್ ಜೋಡಿಸಿರುತ್ತಾರೆ. ಆ ಪಂಪ್ ಒತ್ತಡದಲ್ಲಿ ಸರಿಯಾಗಿ ನಡೆಯುತ್ತದಾ ಎಂದು ತಿಳಿಯದೆ ಅದನ್ನು ಒಳಗೆ ಒಯ್ಯುವಂತಿಲ್ಲ.

ಹೋಗಲೇಬೇಕಾಗಿ ಬಂದರೆ ಈ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಡಾಕ್ಟರು ಇರುವ ಆಸ್ಪತ್ರೆಗೇ ಹೋಗಿ. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಚೇಂಬರಿಗೆ ಬೆಂಕಿ ಹತ್ತಿ 5 ವರ್ಷದ ಹುಡುಗ ಒಳಗೇ ತೀರಿಕೊಂಡ. ಶುದ್ಧ ಆಕ್ಸಿಜನ್‌ನಲ್ಲಿ ಒಂದು ಕಿಡಿ ಸಾಕು. ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ, ನೈಲಾನ್ ಬಟ್ಟೆ ಬೇಡ, ಆಸ್ಪತ್ರೆಯವರು ಕೊಡುವ ಹತ್ತಿ ಬಟ್ಟೆಯನ್ನೇ ಹಾಕಿಕೊಳ್ಳಿ. ಮೊಬೈಲು, ಕಡ್ಡಿಪೆಟ್ಟಿಗೆ ಹೊರಗಿರಲಿ. ಕಿಮೋ ಫೈಲು ಮಾತ್ರ ಮರೆಯದೆ ಒಯ್ದು, ಚೇಂಬರಿನ ಡಾಕ್ಟರು ಅದರಲ್ಲಿರುವ ಔಷಧಿಯ ಹೆಸರು, ತಾರೀಕು ಓದಿದ ಮೇಲೆಯೇ ಒಳಗೆ ಕಾಲಿಡಿ.