ರಾಜೀನಾಮೆಗೆ ಮುನ್ನ ಓದಬೇಕಾದ ಕಾಗದಗಳು

ಹದಿನಾಲ್ಕು ಹದಿನೈದು ವರ್ಷ ಒಂದೇ ಸಂಸ್ಥೆಯಲ್ಲಿ ದುಡಿದು, ನಲವತ್ತರ ಆಸುಪಾಸಿನಲ್ಲಿ ಸಣ್ಣ ಸ್ಟಾರ್ಟ್‌ಅಪ್ ಸೇರಲು ಹೊರಟವರು ಬೆಂಗಳೂರಿನಲ್ಲಿ ಲೆಕ್ಕಪರಿಶೋಧಕಳಾಗಿರುವ ನನ್ನ ಬಳಿಗೆ ಬರುವಾಗ ಸಾಮಾನ್ಯವಾಗಿ ಎರಡೇ ಅಂಕಿಗಳನ್ನು ತರುತ್ತಾರೆ: ಈಗಿನ ಸಿಟಿಸಿ (ಕಂಪನಿ ಒಬ್ಬ ನೌಕರರಿಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) ಮತ್ತು ಹೊಸ ಆಫರ್‌ನ ಸಿಟಿಸಿ. ಈ ಹೋಲಿಕೆ ಸಾಲದು. ಹಳೆಯ ಕೆಲಸದಲ್ಲಿ ಸಂಬಳದ ಜೊತೆ ಬರುವ ಹಲವು ಸೌಲಭ್ಯಗಳಿಗೆ ಕಾನೂನಿನ ಬಲವಿದೆ; ಅವುಗಳ ಜಾಗದಲ್ಲಿ ಸ್ಟಾರ್ಟ್‌ಅಪ್ ಕೊಡುವ ಷೇರು ಆಯ್ಕೆಗಳ (ಕಂಪನಿಯ ಷೇರನ್ನು ಮೊದಲೇ ನಿಗದಿಯಾದ ಬೆಲೆಗೆ ಮುಂದೆ ಕೊಳ್ಳುವ ಹಕ್ಕುಗಳ), ಅಂದರೆ ಇಸಾಪ್‌ಗಳ, ಬೆಲೆ ನಿಂತಿರುವುದು ಒಂದು ಒಪ್ಪಂದದ ಷರತ್ತುಗಳ ಮೇಲೆ. ಆ ಒಪ್ಪಂದವನ್ನು ರಾಜೀನಾಮೆಗೆ ಮೊದಲೇ ಪೂರ್ತಿ ಓದಿದವರನ್ನು ನಾನು ಕಂಡದ್ದು ಕಡಿಮೆ.

ಮೊದಲು ಬಿಟ್ಟು ಹೋಗುವುದರ ಲೆಕ್ಕ. ಐದು ವರ್ಷ ಸೇವೆ ಪೂರೈಸಿದವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಸೇವಾ ಮೊತ್ತ, ಹಕ್ಕಾಗಿ ಬರುತ್ತದೆ. ಪ್ರತಿ ವರ್ಷದ ಸೇವೆಗೆ 15 ದಿನದ ವೇತನ, ತಿಂಗಳಿಗೆ 26 ದಿನವೆಂದು ಎಣಿಸಿ. ಲೆಕ್ಕಕ್ಕೆ ಹಿಡಿಯುವ ವೇತನ 1 ಲಕ್ಷ ರೂಪಾಯಿ ಇದ್ದು 14 ವರ್ಷ ದುಡಿದವರಿಗೆ ಇದು ಸುಮಾರು 8.07 ಲಕ್ಷ ರೂಪಾಯಿ, ಮತ್ತು 20 ಲಕ್ಷದವರೆಗೆ ಇದಕ್ಕೆ ಆದಾಯ ತೆರಿಗೆಯಿಲ್ಲ. ಕೊನೆಯ ವರ್ಷದಲ್ಲಿ ಆರು ತಿಂಗಳು ಮೀರಿದ್ದರೆ ಅದನ್ನೂ ಪೂರ್ಣ ವರ್ಷವೆಂದೇ ಎಣಿಸುತ್ತಾರೆ. ಹಾಗಾಗಿ 14 ವರ್ಷ 5 ತಿಂಗಳಿಗೆ ಬಿಡುವವರು ಕೆಲವು ವಾರ ತಡೆದರೆ ಇದೇ ಉದಾಹರಣೆಯಲ್ಲಿ 57 ಸಾವಿರಕ್ಕೂ ಹೆಚ್ಚು ಹಣ ಉಳಿಯುತ್ತದೆ. ಕೊನೆಯ ದಿನವನ್ನು ಹೊಸ ಸಂಸ್ಥಾಪಕರ ಅವಸರ ನೋಡಿ ನಿಗದಿ ಮಾಡಬಾರದು.

ಭವಿಷ್ಯನಿಧಿಯ ವಿಷಯ ಇನ್ನೂ ಸೂಕ್ಷ್ಮ. 20ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗೆ ಪಿಎಫ್ ಕಡ್ಡಾಯವಲ್ಲ. ಬಯಸಿದರೆ ಸ್ವಇಚ್ಛೆಯಿಂದ ಸೇರಬಹುದು ಅಷ್ಟೆ. ಹೊಸ ಸಂಸ್ಥೆ ಸೇರಿಲ್ಲವಾದರೆ ನಿಮ್ಮ ನಿವೃತ್ತಿಯ ಉಳಿತಾಯಕ್ಕೆ ಪ್ರತಿ ತಿಂಗಳೂ ಮಾಲೀಕರಿಂದ ಬರುತ್ತಿದ್ದ ಪಾಲು ನಿಂತುಹೋಗುತ್ತದೆ. ಅದರ ಜೊತೆಗೇ, ನೌಕರರ ಕುಟುಂಬಕ್ಕೆ 7 ಲಕ್ಷ ರೂಪಾಯಿವರೆಗೆ ಸಿಗಬಹುದಾದ, ಪಿಎಫ್‌ಗೆ ಹೊಂದಿಕೊಂಡ ಜೀವವಿಮೆಯೂ ತಪ್ಪುತ್ತದೆ. ಇದು ಗೊತ್ತಿರುವವರು ತೀರ ವಿರಳ. ಆರೋಗ್ಯ ವಿಮೆಯನ್ನಂತೂ ರಾಜೀನಾಮೆಗೆ ಮೊದಲೇ ಸ್ವಂತಕ್ಕೆ ಮಾಡಿಸಿಕೊಳ್ಳಿ. ಹೊಸ ಪಾಲಿಸಿಯಲ್ಲಿ ಈಗಾಗಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥವುಗಳಿಗೆ 3 ವರ್ಷದವರೆಗೆ ಕಾಯಿಸುವ ಅವಕಾಶ ವಿಮಾ ಕಂಪನಿಗಿದೆ.

ಇನ್ನು ಇಸಾಪ್. ಈ ಊರಿನಲ್ಲಿ ಅದರ ಆಕರ್ಷಣೆಗೆ ಗಟ್ಟಿಯಾದ ಕಾರಣವಿದೆ. ಇನ್ಫೋಸಿಸ್‌ನ ಷೇರುಗಳಿಂದ ಸಾಮಾನ್ಯ ನೌಕರರೂ ಮನೆ ಕಟ್ಟಿದ್ದನ್ನು ಒಂದು ತಲೆಮಾರು ಕಣ್ಣಾರೆ ಕಂಡಿದೆ. 2018ರಲ್ಲಿ ವಾಲ್‌ಮಾರ್ಟ್ ಫ್ಲಿಪ್‌ಕಾರ್ಟ್‌ನ ಬಹುಪಾಲು ಷೇರು ಕೊಂಡಾಗ ಮುಂದಿನ ತಲೆಮಾರು ಕಂಡಿತು. ಆದರೆ ಇನ್ಫೋಸಿಸ್ 1993ರಲ್ಲೇ ಷೇರುಪೇಟೆಗೆ ಬಂದಿದ್ದರಿಂದ ಅದರ ಷೇರಿಗೆ ಪ್ರತಿದಿನವೂ ಕೊಳ್ಳುವವರಿದ್ದರು. ಫ್ಲಿಪ್‌ಕಾರ್ಟ್‌ಗೆ ಒಬ್ಬ ದೊಡ್ಡ ಖರೀದಿದಾರ ಬಂದ. ಹನ್ನೆರಡು ಜನರ ಖಾಸಗಿ ಕಂಪನಿಯ ಷೇರನ್ನು ನೀವು ಬಯಸಿದ ದಿನ ಮಾರಲು ದಾರಿಯೇ ಇರುವುದಿಲ್ಲ, ಇದ್ದರೂ ಕಂಪನಿಯ ನಿಯಮಾವಳಿ ಒಪ್ಪಬೇಕು.

ಮಾರಲಾಗದ ಈ ಷೇರಿಗೂ ತೆರಿಗೆ ಮಾತ್ರ ಕಾಯುವುದಿಲ್ಲ. 10,000 ಆಯ್ಕೆಗಳನ್ನು ಬಳಸಿ ತಲಾ 10 ರೂಪಾಯಿಗೆ ಷೇರು ಕೊಂಡ ದಿನ ಒಂದು ಷೇರಿನ ನ್ಯಾಯೋಚಿತ ಬೆಲೆ 310 ರೂಪಾಯಿ ಇದ್ದರೆ, ವ್ಯತ್ಯಾಸವಾದ 30 ಲಕ್ಷ ರೂಪಾಯಿಯನ್ನು ನಿಮ್ಮ ಆ ವರ್ಷದ ಸಂಬಳಕ್ಕೇ ಸೇರಿಸಲಾಗುತ್ತದೆ. ಶೇ. 30ರ ಹಂತದಲ್ಲಿರುವವರು 9 ಲಕ್ಷಕ್ಕೂ ಮೇಲೆ ತೆರಿಗೆ ಕಟ್ಟಬೇಕು, ಕೈಗೆ ಒಂದು ರೂಪಾಯಿಯೂ ಬಾರದೆ. ಈ ತೆರಿಗೆಯನ್ನು ಕೆಲವು ವರ್ಷ ಮುಂದೂಡುವ ಸೌಲಭ್ಯ 2020ರಿಂದ ಇದೆ ಎಂದು ಸಂಸ್ಥಾಪಕರು ಭರವಸೆ ಕೊಡುತ್ತಾರೆ. ನಿಜ, ಆದರೆ ಸ್ಟಾರ್ಟ್‌ಅಪ್ ಎಂಬ ಸರ್ಕಾರಿ ಮಾನ್ಯತೆ ಒಂದರಿಂದಲೇ ಅದು ಸಿಗದು, ತೆರಿಗೆ ವಿನಾಯಿತಿಗೆ ಅಂತರ ಸಚಿವಾಲಯ ಮಂಡಳಿ ಕೊಡುವ ಪ್ರತ್ಯೇಕ ಪ್ರಮಾಣಪತ್ರವೂ ಬೇಕು. ಅದನ್ನು ಕೇಳಿ ನೋಡಿ. ಕೆಲಸ ಬಿಟ್ಟರೆ ಈ ಮುಂದೂಡಿಕೆಯೂ ಅಲ್ಲಿಗೇ ಮುಗಿಯುತ್ತದೆ.

ಆಯ್ಕೆಗಳ ಸಂಖ್ಯೆಯೊಂದನ್ನೇ ನೋಡಿ ಹಿಗ್ಗುವವರಿಗೆ ನಾನು ಕೇಳುವ ಪ್ರಶ್ನೆ: ಎಲ್ಲ ಆಯ್ಕೆಗಳೂ ಷೇರಾದರೆ ಕಂಪನಿಯ ಒಟ್ಟು ಷೇರುಗಳೆಷ್ಟು? ಒಟ್ಟು 10 ಲಕ್ಷವಾದರೆ ನಿಮ್ಮ 10,000 ಎಂದರೆ ಶೇ. 1, ಒಟ್ಟು 1 ಕೋಟಿಯಾದರೆ ಶೇ. 0.1. ಇದರ ಮೇಲೆ ಹೂಡಿಕೆದಾರರ ಆದ್ಯತೆಯ ಹಕ್ಕಿದೆ. ಅವರು 50 ಕೋಟಿ ಹೂಡಿ, ಅಷ್ಟನ್ನು ಮೊದಲು ಹಿಂಪಡೆಯುವ ಷರತ್ತು ಹಾಕಿದ್ದರೆ, ಕಂಪನಿ 40 ಕೋಟಿಗೆ ಮಾರಾಟವಾದಾಗ ಆ ಹಣವೆಲ್ಲ ಅವರಿಗೇ ಹೋಗುತ್ತದೆ. ಕೆಲಸ ಬಿಟ್ಟ ಮೇಲೆ ಆಯ್ಕೆಗಳನ್ನು ಷೇರಾಗಿ ಪರಿವರ್ತಿಸಲು ಎಷ್ಟು ಕಾಲವಿದೆ ಎಂಬುದನ್ನೂ ನೋಡಬೇಕು. ಹಲವು ಯೋಜನೆಗಳಲ್ಲಿ ಅದು 90 ದಿನ ಮಾತ್ರ, ಮತ್ತು ಆ ಅವಧಿಯೊಳಗೆ ಮೇಲೆ ಹೇಳಿದ ತೆರಿಗೆಯ ಹಣವನ್ನೂ ಹೊಂದಿಸಬೇಕಾಗುತ್ತದೆ.

ಬ್ಯಾಂಕಿನಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು ಎಂದು ಸಂಸ್ಥಾಪಕರನ್ನು ನೇರವಾಗಿ ಕೇಳಲು ಸಂಕೋಚ ಬೇಡ. ಹೂಡಿಕೆದಾರರು ಕೇಳಿಯೇ ಹಣ ಕೊಟ್ಟಿರುತ್ತಾರೆ, ನೀವು ಕೊಡುತ್ತಿರುವುದು ಬದುಕಿನ ದುಡಿಮೆಯ ವರ್ಷಗಳನ್ನು.

ಆಫರ್ ಲೆಟರ್‌ನಲ್ಲಿ ಇಸಾಪ್ ಬಗ್ಗೆ ಒಂದು ಸಾಲು ಇದ್ದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಷೇರುದಾರರು ಒಪ್ಪಿದ ಯೋಜನೆಯಡಿ ಆಯ್ಕೆಗಳನ್ನು ವಿಧಿವತ್ತಾಗಿ ಮಂಜೂರು ಮಾಡಬೇಕು. ಮಂಜೂರಾದ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ಅವು ಕೈಸೇರುವಂತಿಲ್ಲ ಎಂಬುದು ಕಂಪನಿ ಕಾನೂನಿನ ನಿಯಮ. ಆ ಮಂಜೂರಾತಿ ಎಂಟು ತಿಂಗಳು ತಡವಾದರೆ ನಿಮ್ಮ ಒಂದು ವರ್ಷದ ಎಣಿಕೆಯೂ ಎಂಟು ತಿಂಗಳು ತಡವಾಗಿಯೇ ಶುರುವಾಗುತ್ತದೆ. ಆದ್ದರಿಂದ ಸೇರಿದ ಎಷ್ಟು ದಿನದೊಳಗೆ ಮಂಜೂರಾತಿ ಪತ್ರ ಕೊಡಲಾಗುವುದು ಎಂಬುದನ್ನು ಆಫರ್ ಲೆಟರ್‌ನಲ್ಲೇ ಬರೆಸಿಕೊಂಡು, ಇಸಾಪ್ ಯೋಜನೆಯ ಪೂರ್ಣ ಪ್ರತಿಯನ್ನು ತರಿಸಿ ಓದಿ, ಆಮೇಲೆ ಹಳೆಯ ಕಚೇರಿಗೆ ರಾಜೀನಾಮೆ ಕಳುಹಿಸಿ.