ಏಸಿ ವಾಸನಿ ಬಂದ್ರ ಸೆಂಟ್ ತರಬ್ಯಾಡ್ರಿ, ಮೊದ್ಲು ಗಾಡಿ ಕೆಳಗ ನೋಡ್ರಿ

ಜೂನ್‌ದಾಗ ಎರಡ್ ಮಳಿ ಬಿದ್ವು ಅಂದ್ರ ಗಂಗಾವತಿ ಒಳಗ ನಮ್ಮ ಶೆಡ್ಡಿಗೆ ಬರೋ ಕಾರಿನೋರು ಬಹಳ ಮಂದಿ ಹೇಳೋದು ಒಂದ ಮಾತು, "ಏಸಿ ಹಚ್ಚಿದ ಕೂಡ್ಲೆ ಹಸಿ ಅರಿವಿ ಕೊಳೆತಂಗ ವಾಸನಿ ಬರ್ತೈತಿ ಅಣ್ಣಾ, ಐದು ನಿಮಿಷಕ್ಕ ಹೋಗ್ತೈತಿ, ಮತ್ತ ನಾಳೆ ಬರ್ತೈತಿ." ಹೋದ ಮಳಿಗಾಲದಾಗ ಒಬ್ಬ ಟೀಚರ್ ಮೇಡಮ್ ಬಂದಿದ್ರು, ಡ್ಯಾಶ್‌ಬೋರ್ಡ್ ಮ್ಯಾಲೆ ಮೂರು ಥರದ ಪರ್ಫ್ಯೂಮ್ ಡಬ್ಬಿ, ಆ ಸೆಂಟು ಈ ವಾಸನಿ ಕೂಡಿ ಅವರಿಗೆ ದಿನಾ ತಲಿನೋವು. ನಾ ಏಸಿ ಹಚ್ಚಿ ಹತ್ತು ನಿಮಿಷ ಬಿಟ್ಟು ಗಾಡಿ ಕೆಳಗ ಬಗ್ಗಿ ನೋಡಿದೆ, ಒಂದ್ ಹನಿ ನೀರು ಬಿದ್ದಿಲ್ಲ. ಎಡಗಡೆ ಕಾಲ್ ಇಡೋ ಕಡೆ ಮ್ಯಾಟ್ ಎತ್ತಿದ್ರ ಕೆಳಗಿನ ಕಾರ್ಪೆಟ್ ಹಿಂಡಿದ್ರ ನೀರು ಬರೋವಷ್ಟು ತೊಯ್ದಿತ್ತು.

ಆ ನೀರು ಎಲ್ಲಿಂದ ಬಂತು ಅಂದ್ರ, ಡ್ಯಾಶ್‌ಬೋರ್ಡ್ ಹಿಂದ ಅಲ್ಯೂಮಿನಿಯಂ ಕೂಲಿಂಗ್ ಕಾಯಿಲ್ ಇರ್ತೈತಿ, ಅದು ಸೊನ್ನೆ ಡಿಗ್ರಿಗಿಂತ ಸ್ವಲ್ಪ ಮ್ಯಾಲೆ ಅಷ್ಟ ತಣ್ಣಗ, ಗಾಳಿಯೊಳಗಿನ ತೇವ ಅದಕ್ಕ ತಾಗಿ ನೀರಾಗ್ತೈತಿ, ತಂಪು ನೀರಿನ ತಂಬಿಗಿ ಹೊರಗ ಬೆವತಂಗ. ಆ ನೀರು ಒಂದು ಸಣ್ಣ ಡ್ರೇನ್ ಪೈಪಿನಿಂದ ರಸ್ತೆಗೆ ಬೀಳ್ಬೇಕು. ಭಾಳ ಮಂದಿ ಅದು ಬಿದ್ರ "ಲೀಕ್ ಆಗೈತಿ" ಅಂತ ಹೆದರಿ ಬರ್ತಾರ, ಖರೇ ಹೆದರಬೇಕಾದ್ದು ಅದು ಬೀಳದಿದ್ದಾಗ. ನಮ್ಮ ಕಡೆ ಏಪ್ರಿಲ್ ಮೇ ಗಾಳಿ ಒಣದು, ಆಗ ನೀರು ಕಮ್ಮಿ ಬೀಳ್ತೈತಿ, ಆದ್ರ ಧೂಳು ಜೋರು, ಭತ್ತದ ಹೊಟ್ಟಿನ ಪುಡಿ, ಕೆನಾಲ್ ರಸ್ತೆ ಮಣ್ಣು, ಮರದ ಕೆಳಗ ಗಾಡಿ ನಿಲ್ಸಿದ್ರ ಬೇವಿನ ಹೂವು, ಎಲ್ಲಾ ವೈಪರ್ ಕೆಳಗಿನ ಜಾಲರಿಯಿಂದ ಒಳಗ ಇಳೀತಾವ. ಬೇಸಗಿ ತುಂಬ ಕಾಯಿಲ್ ಮ್ಯಾಲೆ ಕುಂತ ಆ ಧೂಳು ಮಳಿಗಾಲದ ತೇವಕ್ಕ ಕೆಸರಾಗಿ ಬೂಷ್ಟು ಹಿಡೀತೈತಿ, ಅದ ಕೆಸರು ಪೈಪಿನ ಬಾಯಿ ಮುಚ್ತೈತಿ. ವಾಸನಿ ಹುಟ್ಟೋದು ಇಲ್ಲೇ, ಸೆಂಟ್ ಇಟ್ರ ಇದು ಹೋಗೋದ್ಹೆಂಗ?

ಮೇಡಮ್ ಗಾಡಿ ಪೈಪು ಕೆಳಗಿಂದ ಕಡಿಮಿ ಪ್ರೆಶರ್ ಗಾಳಿ ಹೊಡೆದ್ವಿ, ಅರ್ಧ ಲೀಟರ್ ಮ್ಯಾಲೆ ಕರೀ ನೀರು ಬಂತು. ತಂತಿ ಚುಚ್ಚೋ ಕೆಲಸ ಮಾತ್ರ ಮಾಡಬ್ಯಾಡ್ರಿ, ಕಾಯಿಲ್ ತೂತು ಬಿದ್ರ ಗ್ಯಾಸ್ ಹೋಗಿ ಡ್ಯಾಶ್‌ಬೋರ್ಡ್ ಬಿಚ್ಚೋ ಖರ್ಚು ಬರ್ತೈತಿ. ಆಮ್ಯಾಲೆ ಕಾರ್ಪೆಟ್ ಎತ್ತಿ ಬಿಸಿಲಿಗೆ ಹಾಕ್ಲೇಬೇಕು, ಇಲ್ಲಾಂದ್ರ ಏಸಿ ಸ್ವಚ್ಛ ಆದ್ರೂ ಕಾರ್ಪೆಟ್ ನಾರ್ತಾನ ಇರ್ತೈತಿ.

ಏಸಿ ಫಿಲ್ಟರ್ ಭಾಳ ಗಾಡಿಯೊಳಗ ಗ್ಲೌ ಬಾಕ್ಸ್ ಹಿಂದ ಇರ್ತೈತಿ, ಅದನ್ನ ನೀವ ತೆಗೀಬಹುದು. ಕಂಪನಿ ಬುಕ್ಕಿನ್ಯಾಗ ಬರೆದ ಕಿಲೋಮೀಟರ್ ನಂಬಿ ಕುಂದ್ರಬ್ಯಾಡ್ರಿ, ರೈಸ್ ಮಿಲ್ ಕಡೆ ಓಡಾಡೋ ಗಾಡಿ ಇದ್ರ ಸುಗ್ಗಿ ಮುಗಿದ ಮ್ಯಾಲೆ ಒಮ್ಮೆ ಬಿಚ್ಚಿ ನೋಡ್ರಿ. ಕಾಗದದ್ದಾದ್ರ ತೊಳೀಬ್ಯಾಡ್ರಿ, ಬದಲಿಸ್ರಿ. ಅಲ್ಲೇ ಹುಲ್ಲು, ಭತ್ತದ ಕಾಳು, ಕರೀ ಹಿಕ್ಕಿ ಕಂಡ್ರ ಇಲಿ ಗೂಡು ಕಟ್ಟೈತಿ ಅಂತ ತಿಳೀರಿ. ಗಾಳಿ ಊದೋ ಫ್ಯಾನು, ಅಂದ್ರ ಬ್ಲೋವರ್ ಒಳಗ ಸತ್ತ ಇಲಿ ಸಿಕ್ಕ ಗಾಡಿ ನಾ ಭಾಳ ಬಿಚ್ಚೀನಿ. ಬರೀ ಕೈಲಿ ಮುಟ್ಟಬ್ಯಾಡ್ರಿ, ಇಲಿ ಉಚ್ಚಿಯಿಂದ ಇಲಿಜ್ವರ ಹರಡ್ತೈತಿ, ಗ್ಲೌಸು ಮಾಸ್ಕು ಹಾಕ್ಕೊಳ್ರಿ, ಬ್ಲೋವರ್ ಹಚ್ಚದಂಗ ಹಂಗ ಗ್ಯಾರೇಜಿಗೆ ತರ್ರಿ.

ಕಾಯಿಲ್ ತೊಳೀಲಿಕ್ಕೆ ಅದಕ್ಕಂತಲೇ ಫೋಮ್ ಸ್ಪ್ರೇ ಸಿಗ್ತೈತಿ. ಅದನ್ನ ವೆಂಟಿನ ಬಾಯಿಗೆ ಹೊಡೆದ್ರ ಉಪಯೋಗಿಲ್ಲ, ಕಾಯಿಲ್‌ಗೆ ಮುಟ್ಟಬೇಕು, ಡಬ್ಬಿ ಮ್ಯಾಲೆ ಹೇಳಿದಷ್ಟು ಹೊತ್ತು ಬಿಟ್ಟು, ಬಾಗಿಲು ತೆರೆದಿಟ್ಟು ಬ್ಲೋವರ್ ಹಚ್ಚಿ ಒಣಗಿಸ್ಬೇಕು. ಫಿನಾಯಿಲ್ಲು, ಬ್ಲೀಚಿಂಗ್ ಪೌಡರ್ ನೀರು ಹೊಡೆಯೋರ್ನ ನೋಡೀನಿ, ಬ್ಲೀಚು ಅಲ್ಯೂಮಿನಿಯಂ ತಿಂತೈತಿ, ಮ್ಯಾಲಿಂದ ಅದರ ಹೊಗಿ ನಿಮ್ಮ ಮಕ್ಕಳು ಕುಡೀತಾವ. ದಯವಿಟ್ಟು ಬ್ಯಾಡ್ರಿ.

ಆದ್ರ ಎಲ್ಲಾ ವಾಸನಿ ಬೂಷ್ಟಿಂದಲ್ಲ. ಬೆಲ್ಲದ ಪಾಕದಂಗ ಸಿಹಿ ವಾಸನಿ ಬಂದು ಗ್ಲಾಸಿನ ಒಳಗ ಜಿಡ್ಡು ಮಂಜು ಕುಂತ್ರ ಹೀಟರ್ ಕಡೆ ಇಂಜಿನ್ ತಣ್ಣಗಿಡೋ ಕೂಲಂಟ್ ಸೋರ್ತೈತಿ, ಅದು ವಿಷ, ಇಂಜಿನ್ನೂ ಬಿಸಿಯಾಗ್ತೈತಿ. ವೈರ್ ಸುಟ್ಟ ವಾಸನಿ, ಪೆಟ್ರೋಲ್ ವಾಸನಿ ಬಂತಂದ್ರ ಗಾಡಿ ಬದಿಗೆ ಹಚ್ಚಿ ಆಫ್ ಮಾಡಿ ಎಲ್ಲಾರೂ ಇಳೀರಿ. ಸೈಲೆನ್ಸರ್ ಹೊಗಿ ಒಳಗ ಬಂದ್ರ ಕಿಟಕಿ ತೆಗೀರಿ, ಗಾಡಿ ನಿಲ್ಲಿಸಿ ಇಳೀರಿ, ರಿಪೇರಿ ಆಗೋತನ ಓಡಿಸಬ್ಯಾಡ್ರಿ, ಯಾಕಂದ್ರ ಅದರೊಳಗಿನ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಗಾಳಿಗೆ ವಾಸನೀನ ಇಲ್ಲ, ಏಸಿ ಹಚ್ಕೊಂಡು ನಿಂತ ಗಾಡಿಯೊಳಗ ಮಲಗಿದೋರು ಏಳದಂಗ ಆಗಿದ್ದು ಇದರಿಂದ.

ಮೇಡಮ್‌ಗೆ ಕಡೀಕ ಒಂದ್ ರೂಢಿ ಹೇಳಿಕೊಟ್ಟೆ. ಕೊಪ್ಪಳದಿಂದ ಬರೋವಾಗ ಮನಿ ಇನ್ನ ಎರಡ್-ಮೂರು ಕಿಲೋಮೀಟರ್ ಐತಿ ಅನ್ನೋವಾಗ ಏಸಿ ಬಟನ್ ಅಷ್ಟ ಆಫ್ ಮಾಡ್ರಿ, ಬ್ಲೋವರ್ ಜೋರು ಇಟ್ಟು ಹೊರಗಿನ ಗಾಳಿ ತಗೊಳ್ರಿ, ಮುಂದ ಲಾರಿ ಧೂಳೆಬ್ಬಿಸಿದ್ರ ಅದು ದಾಟೋತನ ಒಳಗಿನ ಗಾಳಿಗೆ ತಿರುವಿ ಮತ್ತ ಹೊರಗಿನದಕ್ಕ ತರ್ರಿ, ಇಳಿಯೋದ್ರಾಗ ಕಾಯಿಲ್ ಬಹುಪಾಲು ಒಣಗಿರ್ತೈತಿ.